ಜಿಂಕ್ ಮಾತ್ರೆ ನುಂಗುವ ಮೊದಲು ಮನೆಯ ಡಬ್ಬಿಗಳ ಲೆಕ್ಕ ಮಾಡಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ಔಷಧ ಅಂಗಡಿ ತೆರೆದು ಇಪ್ಪತ್ತೆರಡು ವರ್ಷವಾಯಿತು. 2020ಕ್ಕೆ ಮೊದಲು ಜಿಂಕ್ ಮಾತ್ರೆ ಕೇಳಿಕೊಂಡು ಬರುತ್ತಿದ್ದವರಲ್ಲಿ ಭೇದಿಯಾದ ಮಕ್ಕಳ ತಾಯಂದಿರೇ ಹೆಚ್ಚು. ಅವರ ಕೈಯಲ್ಲಿ ವೈದ್ಯರ ಚೀಟಿ ಇರುತ್ತಿತ್ತು. ಕೋವಿಡ್ ಬಂದ ಮೇಲೆ ಚೀಟಿಯಿಲ್ಲದೆ ಕೇಳುವವರು ಸಾಲುಗಟ್ಟಿದರು. ಕೋವಿಡ್ ಹಿಂದೆ ಸರಿದ ಮೇಲೂ ಎಷ್ಟೋ ಮನೆಗಳಲ್ಲಿ ಆ ಮಾತ್ರೆ ಬೆಳಗಿನ ಕಾಫಿಯಷ್ಟೇ ಕಾಯಂ ಆಗಿ ಉಳಿದಿದೆ.

ಅಂಥವರಲ್ಲಿ ಒಬ್ಬರು ಜಗಳೂರು ಕಡೆಯ ನಿವೃತ್ತ ಮೇಷ್ಟ್ರು. ಒಂದು ದಿನ ಅಂಗಡಿಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡರು. "ಕಾಲು ನೆಲ ಮುಟ್ಟಿದ್ದೇ ಗೊತ್ತಾಗುವುದಿಲ್ಲ ತಮ್ಮಾ, ಅರಳೆಯ ಮೇಲೆ ನಡೆದ ಹಾಗೆ ಆಗುತ್ತದೆ" ಎಂದರು. ಸಕ್ಕರೆ ಕಾಯಿಲೆ ಇರಲಿಲ್ಲ. ಬಿ12 ಸರಿಯಾಗಿತ್ತು. ರಕ್ತ ಕಡಿಮೆ ಇದೆ ಎಂದು ಮೂರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಿರಲಿಲ್ಲ. ಕೊನೆಗೆ ನರರೋಗ ತಜ್ಞರೊಬ್ಬರು, ಇದಲ್ಲದೆ ಮನೆಯಲ್ಲಿ ಬೇರೇನು ನುಂಗುತ್ತೀರಿ ಎಂದು ಕೇಳಿದರಂತೆ. ಮೇಷ್ಟ್ರು ಬಟ್ಟೆಯ ಕೈಚೀಲ ತಂದು ಮೇಜಿನ ಮೇಲೆ ಸುರಿದರು. 50 ಮಿ.ಗ್ರಾಂ ಜಿಂಕ್ ಮಾತ್ರೆ ದಿನಕ್ಕೊಂದು, ಎರಡು ವರ್ಷದಿಂದ. ಅದರ ಮೇಲೆ ಒಂದು ಮಲ್ಟಿವಿಟಮಿನ್, ಕೂದಲಿಗೆಂದು ಮಗಳು ತಂದುಕೊಟ್ಟ ಇನ್ನೊಂದು ಮಾತ್ರೆ. ರಕ್ತದಲ್ಲಿ ತಾಮ್ರ ಅಳೆಸಿದಾಗ ಅದು ತಳ ಕಂಡಿತ್ತು. ಜಿಂಕ್ ನಿಲ್ಲಿಸಿ ತಾಮ್ರ ಕೊಟ್ಟ ಮೇಲೆ ರಕ್ತ ಎರಡು ಮೂರು ತಿಂಗಳಲ್ಲಿ ಸರಿಹೋಯಿತು. ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ಈಗಲೂ ಅವರು ಕೋಲು ಹಿಡಿದೇ ಬರುತ್ತಾರೆ.

ಆ ಸ್ಟ್ರಿಪ್‌ಗಳಲ್ಲಿ ಕೆಲವನ್ನು ನಾನೇ ಕತ್ತರಿಸಿ ಕೊಟ್ಟಿದ್ದೆ. ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಕೌಂಟರಿನಲ್ಲಿ ನಿಂತು ಏನು ಕೇಳುತ್ತೇನೋ, ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಿಂಕ್ ಬೇಡ ಎಂದು ಹೇಳುತ್ತಿಲ್ಲ. ದಿನಕ್ಕೆ ಒಟ್ಟು ಎಷ್ಟು, ಎಂದಿನವರೆಗೆ ಎಂಬ ಎರಡು ಲೆಕ್ಕ ಇಟ್ಟರೆ ಹೆಚ್ಚಿನ ಅಡ್ಡಪರಿಣಾಮಗಳನ್ನು ತಪ್ಪಿಸಬಹುದು.

ಜಿಂಕ್ ಹೆಚ್ಚಾದರೆ ತಾಮ್ರ ಏಕೆ ಇಳಿಯುತ್ತದೆ?

ಭದ್ರಾ ನಾಲೆಯ ಭತ್ತದ ರೈತರಿಗೆ ಇದನ್ನು ವಿವರಿಸುವುದು ಸುಲಭ. ಗದ್ದೆಗೆ ಡಿಎಪಿ ಗೊಬ್ಬರ ಹೆಚ್ಚಾಗಿ ಸುರಿದರೆ ಬೆಳೆಗೆ ಸತು, ಅಂದರೆ ಜಿಂಕ್, ಸಿಗುವುದಿಲ್ಲ, ಎಲೆ ಕಂದು ತಿರುಗುತ್ತದೆ, ಆಮೇಲೆ ಜಿಂಕ್ ಸಲ್ಫೇಟ್ ಹಾಕಬೇಕಾಗುತ್ತದೆ. ಒಂದು ಪೋಷಕಾಂಶ ಅತಿಯಾದರೆ ಇನ್ನೊಂದರ ದಾರಿ ಮುಚ್ಚುತ್ತದೆ. ನಮ್ಮ ಕರುಳಿನಲ್ಲೂ ಹೀಗೆಯೇ. ಜಿಂಕ್ ಅತಿಯಾದಾಗ ಕರುಳಿನ ಗೋಡೆಯ ಕೋಶಗಳು ಲೋಹವನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಆ ಪ್ರೋಟೀನು ಜಿಂಕ್‌ಗಿಂತ ತಾಮ್ರವನ್ನೇ ಬಿಗಿಯಾಗಿ ಹಿಡಿಯುತ್ತದೆ. ಕೆಲವು ದಿನಗಳಲ್ಲಿ ಆ ಕೋಶ ಉದುರುತ್ತದೆ, ಹಿಡಿದ ತಾಮ್ರವೂ ಮಲದೊಂದಿಗೆ ಹೊರಗೆ ಹೋಗುತ್ತದೆ. ತಾಮ್ರವಿಲ್ಲದೆ ದೇಹ ಕಬ್ಬಿಣವನ್ನು ಸರಿಯಾಗಿ ಬಳಸಲಾರದು. ಮೇಷ್ಟ್ರಿಗೆ ಕಬ್ಬಿಣದ ಮಾತ್ರೆ ಹತ್ತದೇ ಇದ್ದದ್ದು ಇದೇ ಕಾರಣಕ್ಕೆ.

(ಗೊಬ್ಬರದ ಅಂಗಡಿಯ ಜಿಂಕ್ ಸಲ್ಫೇಟ್ ಚಿಟಿಕೆ ಹಾಕಿಕೊಂಡರೆ ಆಗುತ್ತದೆಯೇ ಎಂದು ಕೇಳಿದವರೂ ಇದ್ದಾರೆ. ಖಂಡಿತ ಕೂಡದು. ಅದು ಮನುಷ್ಯರ ಹೊಟ್ಟೆಗೆಂದು ಶುದ್ಧಿ ಮಾಡಿದ್ದಲ್ಲ.)

ಮೊದಲ ಹೆಜ್ಜೆ: ಎಲ್ಲವನ್ನೂ ಚಾಪೆಯ ಮೇಲೆ ಸುರಿಯಿರಿ

ಅಡುಗೆಮನೆಯ ಗೂಡು, ಫ್ರಿಜ್ಜಿನ ಮೇಲ್ಭಾಗ, ಹಾಸಿಗೆಯ ಪಕ್ಕದ ಡಬ್ಬಿ, ಎಲ್ಲ ಕಡೆಯಿಂದ ತನ್ನಿ. ನೀವು ಮಾತ್ರೆ ಎಂದು ಲೆಕ್ಕಕ್ಕೆ ಹಿಡಿಯದವುಗಳನ್ನೂ ತನ್ನಿ: ಪ್ರೋಟೀನ್ ಪುಡಿ, ಹಾಲಿಗೆ ಹಾಕುವ ಪುಡಿ, ಕೂದಲಿನ ಗಮ್ಮಿ, ನೀರಿಗೆ ಹಾಕುವ ಖನಿಜದ ಹನಿ. ಹಲ್ಲಿನ ಸೆಟ್ ಅಂಟಿಸುವ ಕ್ರೀಮನ್ನೂ ಮರೆಯಬೇಡಿ. ಹಿಂದೆ ಅಂಥ ಕೆಲವು ಕ್ರೀಮುಗಳಲ್ಲಿ ಜಿಂಕ್ ಇರುತ್ತಿತ್ತು. ವರ್ಷಗಟ್ಟಲೆ ಧಾರಾಳವಾಗಿ ಬಳಸಿದವರಿಗೆ ಇದೇ ರೀತಿ ತಾಮ್ರ ಇಳಿದು ನರಗಳಿಗೆ ಪೆಟ್ಟು ಬಿದ್ದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಎರಡನೆಯ ಹೆಜ್ಜೆ: ದೊಡ್ಡ ಅಂಕಿಯನ್ನಲ್ಲ, ಸರಿಯಾದ ಅಂಕಿಯನ್ನು ಓದಿ

ಹೆಚ್ಚಿನವರು ಎಡವುವುದು ಇಲ್ಲಿ. ಲೇಬಲ್ಲಿನಲ್ಲಿ ಲವಣದ, ಅಂದರೆ ಸತು ಬೇರೆ ವಸ್ತುವಿನೊಂದಿಗೆ ಸೇರಿದ ಸಂಯುಕ್ತದ, ತೂಕ ಇರುತ್ತದೆ. ನಮಗೆ ಬೇಕಾದದ್ದು ಅದರೊಳಗಿರುವ ಸತುವಿನ ತೂಕ. ಅದನ್ನು 'ಎಲಿಮೆಂಟಲ್ ಜಿಂಕ್' ಅಥವಾ 'ಈಕ್ವಿವಲೆಂಟ್ ಟು' ಎಂಬ ಮಾತಿನ ಮುಂದೆ ಬರೆದಿರುತ್ತಾರೆ.

ಒಂದು ಸ್ಟ್ರಿಪ್‌ನ ಹಿಂಭಾಗದಲ್ಲಿ 'ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 61.8 ಮಿ.ಗ್ರಾಂ' ಎಂದಿದೆ ಎನ್ನೋಣ. ಅದರಲ್ಲಿರುವ ಸತು ಸುಮಾರು 22.5 ಮಿ.ಗ್ರಾಂ ಮಾತ್ರ. ಇನ್ನೊಂದರಲ್ಲಿ 'ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್ 220 ಮಿ.ಗ್ರಾಂ' ಎಂದಿದ್ದರೆ ಸತು ಸುಮಾರು 50. ಗ್ಲುಕೊನೇಟ್ ಆದರೆ ಲವಣದ ತೂಕದ ಏಳರಲ್ಲಿ ಒಂದು ಪಾಲು ಸತು. ಅಂಕಿ ತಿಳಿಯದಿದ್ದರೆ ಫೋಟೊ ತೆಗೆದು ಯಾವ ಔಷಧ ಅಂಗಡಿಯವರಿಗೆ ತೋರಿಸಿದರೂ ಹೇಳುತ್ತಾರೆ.

ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂ ಬೇರೆ ಬೇರೆ. ಒಂದು ಮಿಲಿಗ್ರಾಮಿಗೆ ಸಾವಿರ ಮೈಕ್ರೋಗ್ರಾಂ. ಸೆಲೆನಿಯಂ, ಕ್ರೋಮಿಯಂ, ಅಯೋಡಿನ್‌ಗಳನ್ನು ಮೈಕ್ರೋಗ್ರಾಮಿನಲ್ಲೇ ಅಳೆಯುತ್ತಾರೆ.

'ಎಪ್ಪತ್ತಕ್ಕೂ ಹೆಚ್ಚು ಖನಿಜಗಳು' ಎಂದು ಮುಂದೆ ದೊಡ್ಡದಾಗಿ ಅಚ್ಚು ಹಾಕಿ, ಹಿಂದೆ ಯಾವುದು ಎಷ್ಟು ಎಂದು ಬರೆಯದ ಬಾಟಲಿ ಇದ್ದರೆ ಅದನ್ನು ಕೊಳ್ಳಬೇಡಿ. ಅಳತೆ ಗೊತ್ತಿಲ್ಲದ ಖನಿಜವನ್ನು ನುಂಗಲು ಯಾವ ಕಾರಣವೂ ಇಲ್ಲ. ಆಹಾರ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು.

ಮೂರನೆಯ ಹೆಜ್ಜೆ: ಕೂಡಿಸಿ

ಮೇಷ್ಟ್ರ ಲೆಕ್ಕವನ್ನೇ ನೋಡಿ. ಜಿಂಕ್ ಮಾತ್ರೆ 50, ಮಲ್ಟಿವಿಟಮಿನ್ 22.5, ಕೂದಲಿನ ಮಾತ್ರೆ 15. ಒಟ್ಟು 87.5 ಮಿ.ಗ್ರಾಂ. ಅಮೆರಿಕದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ದಿನದ ಗರಿಷ್ಠ ಮಿತಿ 40 ಮಿ.ಗ್ರಾಂ, ಅದೂ ಊಟದಲ್ಲಿ ಸಿಗುವುದನ್ನು ಸೇರಿಸಿ. ಯುರೋಪಿನವರು ಇನ್ನೂ ಬಿಗಿ ಹಿಡಿದು 25 ಎನ್ನುತ್ತಾರೆ. ನಮಗೆ ನಿಜವಾಗಿ ಬೇಕಾದದ್ದು ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ್ದು ವಯಸ್ಕ ಗಂಡಸರಿಗೆ 17 ಮಿ.ಗ್ರಾಂ, ಹೆಂಗಸರಿಗೆ 13.2 ಮಿ.ಗ್ರಾಂ.

ರಾಗಿ, ಜೋಳ, ಬೇಳೆಗಳಲ್ಲಿ ಸತು ಇದೆ. ಆದರೆ ಅವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತದೆ. ಹೆಸರುಕಾಳನ್ನು ಮೊಳಕೆ ಕಟ್ಟಿದಾಗ, ದೋಸೆ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸಿದಾಗ ಆ ಕಟ್ಟು ಸಡಿಲವಾಗುತ್ತದೆ. ಎಳ್ಳು, ಕುಂಬಳದ ಬೀಜ, ಕಡಲೆ, ಮೊಟ್ಟೆ, ಮಾಂಸ ಇವುಗಳಲ್ಲಿ ಯಾವುದನ್ನಾದರೂ ನಿತ್ಯ ತಿನ್ನುವ ಆರೋಗ್ಯವಂತರು ವರ್ಷವಿಡೀ ಜಿಂಕ್ ಮಾತ್ರೆ ನುಂಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ವೈದ್ಯರೇ ಹೆಚ್ಚಿನ ಪ್ರಮಾಣ ಬರೆದಿದ್ದರೆ ಅದರ ಮಾತು ಬೇರೆ. ವಿಲ್ಸನ್ ಕಾಯಿಲೆಯಲ್ಲಿ ದೇಹದಲ್ಲಿ ತಾಮ್ರ ಶೇಖರವಾಗುತ್ತದೆ. ಅಲ್ಲಿ ತಾಮ್ರವನ್ನು ಇಳಿಸಲೆಂದೇ ಜಿಂಕ್ ಕೊಡುತ್ತಾರೆ. ಅಂಥವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬಾರದು.

ನಾಲ್ಕನೆಯ ಹೆಜ್ಜೆ: ಹೊತ್ತು ಗೊತ್ತು ಮಾಡಿ

ಬರಿಹೊಟ್ಟೆಯಲ್ಲಿ ಜಿಂಕ್ ನುಂಗಿದರೆ ಅರ್ಧ ಗಂಟೆಯೊಳಗೆ ಹೊಟ್ಟೆ ತೊಳಸಬಹುದು, ಕೆಲವರಿಗೆ ವಾಂತಿಯೂ ಆಗುತ್ತದೆ. ತಿಂಡಿಯಾದ ಮೇಲೆ ನುಂಗಿ. ಹೀರಿಕೆ ತುಸು ಕಡಿಮೆಯಾದರೂ ಹೊಟ್ಟೆ ತಡೆಯುತ್ತದೆ. ಕಬ್ಬಿಣದ ಮಾತ್ರೆಗೆ ಇನ್ನೊಂದು ಮಾತು: ನುಂಗುವ ಹಿಂದೆ ಮುಂದೆ ಒಂದು ಗಂಟೆ ಟೀ, ಕಾಫಿ ಬೇಡ. ನಿಂಬೆಹಣ್ಣಿನ ನೀರಿನೊಂದಿಗೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ.

ಬೇರೆ ಔಷಧಗಳ ನಡುವಿನ ಅಂತರ ಇದಕ್ಕಿಂತ ಮುಖ್ಯ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವವರು ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಬಿಡಬೇಕು. ಇಲ್ಲದಿದ್ದರೆ ಥೈರಾಯ್ಡ್ ಔಷಧವೇ ಹೀರಿಕೆಯಾಗದೆ ವ್ಯರ್ಥವಾಗುತ್ತದೆ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಜಿಂಕ್ ಮತ್ತು ಕಬ್ಬಿಣ ಹಿಡಿದು ಕಟ್ಟಿಬಿಡುತ್ತವೆ. ಆ್ಯಂಟಿಬಯಾಟಿಕ್ ನುಂಗಿ ಕನಿಷ್ಠ ಎರಡು ಗಂಟೆ ಬಿಟ್ಟು ಖನಿಜದ ಮಾತ್ರೆ ನುಂಗಿ. ಮೊದಲೇ ಖನಿಜ ನುಂಗಿದ್ದರೆ ನಾಲ್ಕರಿಂದ ಆರು ಗಂಟೆ ಕಾಯಿರಿ. ಐದು ದಿನದ ಆ್ಯಂಟಿಬಯಾಟಿಕ್ ಆದರೆ ಆ ಐದು ದಿನ ಖನಿಜದ ಮಾತ್ರೆಯನ್ನೇ ಬಿಟ್ಟುಬಿಡುವುದು ಎಲ್ಲಕ್ಕಿಂತ ಸುಲಭ. ವೈದ್ಯರು ಬರೆದುಕೊಟ್ಟ ಮಾತ್ರೆಯಾಗಿದ್ದರೆ ಮಾತ್ರ ಅವರನ್ನು ಒಂದು ಮಾತು ಕೇಳಿ ಬಿಡಿ.

ಐದನೆಯ ಹೆಜ್ಜೆ: ಲಕ್ಷಣಗಳನ್ನು ಎರಡು ಬಗೆಯಾಗಿ ನೋಡಿ

ಬೇಗ ಕಾಣುವವು ಹೆಚ್ಚಾಗಿ ಹೊಟ್ಟೆಯವು. ಜಿಂಕ್‌ನಿಂದ ವಾಕರಿಕೆ, ಹೊಟ್ಟೆನೋವು, ಭೇದಿ, ತುಕ್ಕು ನೆಕ್ಕಿದಂತೆ ಬಾಯಿರುಚಿ. ಕಬ್ಬಿಣದಿಂದ ಮಲಬದ್ಧತೆ, ಹೊಟ್ಟೆ ಹಿಡಿದುಕೊಳ್ಳುವುದು. ಕಬ್ಬಿಣ ನುಂಗುವವರಿಗೆ ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಗರ್ಭಿಣಿಯರು ಮಾತ್ರೆ ಎಸೆಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣವಿದೆ. ತಾಯಿಗೂ ಮಗುವಿಗೂ ಅದು ಬೇಕು. ಒಗ್ಗದಿದ್ದರೆ ರಾತ್ರಿ ಊಟದ ನಂತರ ನುಂಗಿ ನೋಡಿ, ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ, ನಿಲ್ಲಿಸಬೇಡಿ. ಮಲ ಟಾರಿನಂತೆ ಅಂಟಾಗಿ, ಕೆಟ್ಟ ವಾಸನೆಯಿಂದ ಕೂಡಿ, ತಲೆ ಸುತ್ತು ಬಂದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಡವಾಗಿ ಕಾಣುವವೇ ನಿಜಕ್ಕೂ ಕಷ್ಟದವು. ಯಾರೂ ಅವುಗಳನ್ನು ಮಾತ್ರೆಯ ಜೊತೆ ಜೋಡಿಸಿ ನೋಡುವುದಿಲ್ಲ. ತಿಂಗಳುಗಟ್ಟಲೆ ಹೆಚ್ಚು ಜಿಂಕ್ ನುಂಗಿದವರಲ್ಲಿ ಸುಸ್ತು, ಕಬ್ಬಿಣ ಕೊಟ್ಟರೂ ಏರದ ರಕ್ತ, ಬಿಳಿರಕ್ತಕಣ ಇಳಿದು ಪದೇ ಪದೇ ಸೋಂಕು, ಪಾದದಿಂದ ಮೇಲಕ್ಕೆ ಹತ್ತುವ ಜೋಮು, ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುವುದು. ಈ ಕೊನೆಯ ಎರಡು ಕಂಡರೆ ಒಂದು ವಾರವೂ ತಡ ಮಾಡಬೇಡಿ. ರಕ್ತ ಬೇಗ ಚೇತರಿಸಿಕೊಳ್ಳುತ್ತದೆ, ನರ ಹಾಗಲ್ಲ. ರಕ್ತದಲ್ಲಿ ತಾಮ್ರ, ಸೆರುಲೋಪ್ಲಾಸ್ಮಿನ್ (ತಾಮ್ರವನ್ನು ಹೊರುವ ಪ್ರೋಟೀನು) ಮತ್ತು ಜಿಂಕ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ನೀವೇ ಕೇಳಬಹುದು.

ಹಾಗೆಂದು ತಾಮ್ರದ ಮಾತ್ರೆಯನ್ನು ತಾವೇ ಶುರು ಮಾಡುವುದೂ ಸರಿಯಲ್ಲ. ತಾಮ್ರ ಹೆಚ್ಚಾದರೂ ವಾಂತಿ, ಹೊಟ್ಟೆನೋವು. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಇಡಬಾರದು ಎಂದು ಅಜ್ಜಿಯರು ಹೇಳುತ್ತಿದ್ದುದು ಇದಕ್ಕೇ. ಈಗ ತಾಮ್ರದ ಬಾಟಲಿಗೆ ನಿಂಬೆ ಹಿಂಡಿಕೊಂಡು ಆಫೀಸಿಗೆ ಒಯ್ಯುವವರಿಗೆ ಇದನ್ನು ನೆನಪಿಸಬೇಕಾಗಿದೆ.

ಸೆಲೆನಿಯಂ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಕೂದಲು ಉದುರುತ್ತದೆ ಎಂದು ಹುಡುಗಿಯರು ಕೊಳ್ಳುವ ಎಷ್ಟೋ ಮಾತ್ರೆಗಳಲ್ಲಿ ಇದಿದೆ. ಆದರೆ ಸೆಲೆನಿಯಂ ಅತಿಯಾದಾಗ ಕಾಣುವ ಪ್ರಮುಖ ಲಕ್ಷಣವೇ ಕೂದಲು ಉದುರುವುದು. ಜೊತೆಗೆ ಉಗುರು ಬಿಳಿಚಿ, ಸೀಳಿ, ಕಳಚಿ ಬೀಳುತ್ತದೆ. ಬೆಳ್ಳುಳ್ಳಿ ತಿನ್ನದಿದ್ದರೂ ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಕೂದಲು ಇನ್ನೂ ಹೆಚ್ಚು ಉದುರಿತು ಎಂದು ಎರಡು ಮಾತ್ರೆ ನುಂಗಲು ಶುರು ಮಾಡಿದರೆ ಏನಾಗುತ್ತದೆ ಎಂದು ಯೋಚಿಸಿ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಪೂರಕದಲ್ಲಿ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ 201 ಜನರಿಗೆ ವಿಷಬಾಧೆಯಾಯಿತು. ಅವರಲ್ಲಿ ಬಹಳ ಮಂದಿಯ ಕೂದಲು ಉದುರಿತು, ಉಗುರು ಹಾಳಾಯಿತು. ಅಮೆರಿಕದ ಮಿತಿ ದಿನಕ್ಕೆ 400 ಮೈಕ್ರೋಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿತು. ಬ್ರೆಜಿಲ್ ನಟ್ ತಿನ್ನುವ ರೂಢಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಒಂದೆರಡು ಬೀಜದಲ್ಲೇ ಒಂದು ದಿನಕ್ಕೆ ಬೇಕಾದಷ್ಟು ಸೆಲೆನಿಯಂ ಸಿಗಬಹುದು.

ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಕ್ರೋಮಿಯಂ ಸೇರಿಸಿಕೊಂಡರೆ ಸಕ್ಕರೆ ತೀರಾ ಇಳಿಯುವ ಸಾಧ್ಯತೆ ಇದೆ. ಥೈರಾಯ್ಡ್ ತೊಂದರೆ ಇರುವವರು ಕಡಲಪಾಚಿಯ ಅಯೋಡಿನ್ ಮಾತ್ರೆ ಮುಟ್ಟಬಾರದು. ಮೂತ್ರಪಿಂಡ ದುರ್ಬಲವಾಗಿರುವವರು ಯಾವ ಖನಿಜವನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ಆರ್‌ಒ ನೀರಿಗೆ ಹನಿ ಹಾಕುವವರಿಗೆ

"ಆರ್‌ಒ ನೀರಿನಲ್ಲಿ ಖನಿಜವೇ ಇರುವುದಿಲ್ಲವಂತೆ, ಹನಿ ಹಾಕಿಕೊಳ್ಳಲೇ ಅಣ್ಣಾ?" ಎಂದು ಚಳ್ಳಕೆರೆಯಿಂದ ಬಂದ ಅಕ್ಕ ಒಬ್ಬರು ಕೇಳಿದರು. ಈ ಹನಿಗಳಲ್ಲಿ ಹಲವು ಉಪ್ಪುನೀರಿನ ಸರೋವರದ ನೀರನ್ನು ಬತ್ತಿಸಿ ತಯಾರಿಸಿದವು. ಹೆಸರು ಸೂಕ್ಷ್ಮ ಖನಿಜದ್ದು, ಒಳಗಿರುವುದು ಬಹುಪಾಲು ಮೆಗ್ನೀಸಿಯಂ ಮತ್ತು ಕ್ಲೋರೈಡ್. ಕಹಿಯಾಗಿರುತ್ತದೆ, ಹೆಚ್ಚಾದರೆ ಭೇದಿ. ಹಾಕಲೇಬೇಕೆಂದಿದ್ದರೆ ಲೇಬಲ್ಲು ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ, ತುಂಬಿದ ಲೋಟ ನೀರಿನಲ್ಲಿ, ಊಟದ ಜೊತೆ.

ಆದರೆ ಖನಿಜ ಸಿಗಲಿ ಎಂದು ಆರ್‌ಒ ಬಿಟ್ಟು ಮತ್ತೆ ಕೊಳವೆಬಾವಿ ನೀರಿಗೆ ಹೋಗಬೇಡಿ ಎಂದು ನಾನು ಆ ಅಕ್ಕನಿಗೆ ಎರಡು ಸಲ ಹೇಳಿದೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಮಕ್ಕಳ ಹಲ್ಲಿನ ಕಂದು ಪಟ್ಟೆ, ದೊಡ್ಡವರ ಬಗ್ಗದ ಬೆನ್ನು ಆ ನೀರಿನಿಂದ ಬಂದದ್ದು. ನೀರಿನಲ್ಲಿ ಹೋದ ಒಂದಿಷ್ಟು ಖನಿಜವನ್ನು ಮುದ್ದೆ, ಸೊಪ್ಪು, ಕಾಳು ತುಂಬಿಕೊಡುತ್ತವೆ.

ಮಕ್ಕಳಿರುವ ಮನೆಯಲ್ಲಿ

ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಿಂದ ಹೇಳುತ್ತಿವೆ. ನಮ್ಮಲ್ಲಿ ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳವರಿಗೆ 10, ಹದಿನಾಲ್ಕು ದಿನ. ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಮುಗಿಸಿ, ಹದಿನೈದನೆಯ ದಿನ ನಿಲ್ಲಿಸಿ. ಚಮಚದಲ್ಲಿ ನೀರು ಅಥವಾ ತಾಯಿಯ ಹಾಲಿನಲ್ಲಿ ಕರಗಿಸಿ ಕೊಡಿ.

ಕಬ್ಬಿಣದ ಮಾತ್ರೆ ಮಾತ್ರ ಮಗುವಿನ ಕೈಗೆ ಎಂದೂ ಸಿಗಬಾರದು. ಕೆಂಪಗೆ ಹೊಳೆಯುವ ಅದು ಮಿಠಾಯಿಯಂತೆ ಕಾಣುತ್ತದೆ. ಹಿಡಿಯಷ್ಟು ನುಂಗಿದರೆ ಚಿಕ್ಕ ಮಗುವಿನ ಜೀವಕ್ಕೇ ಅಪಾಯ. ಮೊದಲ ಕೆಲವು ಗಂಟೆ ವಾಂತಿ, ಭೇದಿ ಆಗುತ್ತದೆ. ಆಮೇಲೆ ಮಗು ಸುಧಾರಿಸಿದಂತೆ ಕಾಣುತ್ತದೆ, ಆಟವಾಡಲೂ ಬಹುದು. ಈ ಸುಧಾರಣೆಯನ್ನು ನಂಬಬೇಡಿ. ಒಂದು ದಿನದೊಳಗೆ ಯಕೃತ್ತು, ಹೃದಯ ಸೋಲುವ ಹಂತ ಬರಬಹುದು. ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದು 108 ಕರೆಯಿರಿ, ಇಲ್ಲವೇ ಸಿಕ್ಕ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ಎಷ್ಟು ಮಾತ್ರೆ ಖಾಲಿಯಾಗಿವೆ ಎಂಬ ಎಣಿಕೆಯೇ ವೈದ್ಯರಿಗೆ ಮೊದಲು ಬೇಕಾಗುವುದು.

ತೊಂದರೆ ಕಂಡರೆ

ನೀವಾಗಿ ಶುರು ಮಾಡಿದ ಮಾತ್ರೆಯಾದರೆ ಇಂದೇ ನಿಲ್ಲಿಸಿ. ಜಿಂಕ್ ಅನ್ನು ಹಂತ ಹಂತವಾಗಿ ಇಳಿಸಬೇಕಾದ ಅಗತ್ಯವಿಲ್ಲ. ವೈದ್ಯರು ಬರೆದುಕೊಟ್ಟದ್ದಾದರೆ ಅವರಿಗೆ ತಿಳಿಸಿ ಆಮೇಲೆ ನಿಲ್ಲಿಸಿ. ಆಸ್ಪತ್ರೆಗೆ ಹೋಗುವಾಗ ಚಾಪೆಯ ಮೇಲೆ ಸುರಿದದ್ದನ್ನೆಲ್ಲ ಒಂದೇ ಚೀಲದಲ್ಲಿ ಒಯ್ಯಿರಿ. "ಯಾವುದೋ ಶಕ್ತಿಯ ಮಾತ್ರೆ" ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಔಷಧದ ಅಡ್ಡಪರಿಣಾಮವನ್ನು ನೀವೇ ನೇರವಾಗಿ ವರದಿ ಮಾಡಲು ರಾಷ್ಟ್ರೀಯ ಸಹಾಯವಾಣಿಯೂ ಇದೆ: 1800-180-3024, ಶುಲ್ಕವಿಲ್ಲ.

ಕೊನೆಯದಾಗಿ ಅಂಗಡಿಯ ಒಂದು ಚಿಕ್ಕ ಕೆಲಸ. ಬಿಡಿ ಮಾತ್ರೆ ಕೊಳ್ಳುವಾಗ, ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾದ ತುದಿಯನ್ನು ಕತ್ತರಿಸಿ ಕೊಡಲು ಕೇಳಿ. ಆ ತುದಿ ಸಿಗದಿದ್ದರೆ ಹೆಸರನ್ನೂ ಪ್ರಮಾಣವನ್ನೂ ಕವರಿನ ಮೇಲೆ ಬರೆಸಿಕೊಳ್ಳಿ. ನಾನೀಗ ಜಿಂಕ್ ಮಾತ್ರೆಯ ಕವರಿನ ಮೇಲೆ ಬಾಲ್ ಪೆನ್ನಿನಿಂದ ಎರಡು ತಾರೀಕು ಬರೆದುಕೊಡುತ್ತೇನೆ, ಶುರು ಮಾಡುವುದು ಮತ್ತು ನಿಲ್ಲಿಸುವುದು. ಮೊನ್ನೆ ಮೇಷ್ಟ್ರು ಮೊಮ್ಮಗನ ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಒಯ್ಯಲು ಬಂದಾಗ ಕೋಲನ್ನು ಕೌಂಟರಿಗೆ ಒರಗಿಸಿ, ಕನ್ನಡಕ ಏರಿಸಿಕೊಂಡು, ಎರಡನೆಯ ತಾರೀಕು ಬರೆದಿದ್ದೇನೆಯೇ ಎಂದು ನೋಡಿಯೇ ಕವರನ್ನು ಜೇಬಿಗೆ ಹಾಕಿಕೊಂಡರು.